ಎಳೆಯೊಳಗೆ ಯಾರು ಬಂದರು, ಯಾರು ಹೋದರು

ಎರಡು ಪುಟ್ಟ ಸೀಸೆಗಳಲ್ಲಿ ನೀರಿದೆ. ಎರಡರಲ್ಲೂ ಒಂದೇ ಜಾತಿಯ ಪಾಲಿಮರ್ ಎಳೆಗಳು ತೇಲುತ್ತಿವೆ. ಒಂದು ಸೀಸೆಯ ಎಳೆಗಳಿಗೆ ಅಲ್ಲಲ್ಲಿ ಹಸಿರು ಹೊಳೆಯುವ ಬಣ್ಣ ಅಂಟಿಸಿದೆ, ಇನ್ನೊಂದರ ಎಳೆಗಳಿಗೆ ಕೆಂಪು. ಎರಡನ್ನೂ ಒಂದೇ ಸೀಸೆಗೆ ಸುರಿದು ಸುಮ್ಮನೆ ಇಟ್ಟುಬಿಡಿ. ಮರುದಿನ ಆ ನೀರಿನಲ್ಲಿ ಏನಿರುತ್ತದೆ?

ಎಳೆಗಳು ನೈಲಾನಿನವಾಗಿದ್ದರೆ ಉತ್ತರ ಸುಲಭ. ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಉಳಿಯುತ್ತದೆ. ನಾಳೆ ನೋಡಿದರೂ ಅಷ್ಟೇ, ಮುಂದಿನ ವರ್ಷ ನೋಡಿದರೂ ಅಷ್ಟೇ. ಇಲ್ಲಿ ಹೇಳುತ್ತಿರುವ ಎಳೆಗಳು ಬೇರೆ ಕುಲದವು. ಅವುಗಳ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುವುದು ಸಡಿಲವಾಗಿ. ಒಂದು ಅಣು ಎದ್ದು ಹೋದರೆ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಹೀಗಾಗಿ ಬಣ್ಣಗಳು ಎಂದಾದರೂ ಬೆರೆಯುತ್ತವೆ ಎಂಬುದು ರಸಾಯನಶಾಸ್ತ್ರಜ್ಞರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಬೆರೆಯುವ ಬಗೆ. ಎಳೆಯ ತುದಿಯಿಂದ ಒಂದೊಂದೇ ಅಣು ಕಳಚಿ ಇನ್ನೊಂದರ ತುದಿಗೆ ಸೇರುತ್ತದೆಯೆ? ಎಳೆಗಳೇ ತುಂಡಾಗಿ, ಕೆಂಪು ತುಂಡು ಹಸಿರು ತುಂಡಿಗೆ ಬೆಸೆದುಕೊಳ್ಳುತ್ತದೆಯೆ? ಇಲ್ಲಾ ಎಳೆಯ ನಡುಮೈಯಿಂದಲೇ, ಎಲ್ಲೆಂದರಲ್ಲಿ, ಅಣುಗಳು ಜಾರಿಹೋಗಿ ಬೇರೆಯವು ನುಸುಳುತ್ತವೆಯೆ? ಮೂರರಲ್ಲಿ ಯಾವುದು ನಡೆದರೂ ಸೀಸೆಯ ನೀರು ಕಣ್ಣಿಗೆ ಒಂದೇ ಥರ. ಇಡೀ ದ್ರಾವಣದ ಸರಾಸರಿಯನ್ನಷ್ಟೇ ಅಳೆಯುವ ಉಪಕರಣಗಳಿಗೂ ಮೂರನ್ನು ಬೇರ್ಪಡಿಸುವುದು ಕಷ್ಟ. ಉತ್ತರ ಬೇಕೆಂದರೆ ಒಂದು ಎಳೆಯನ್ನು ಹಿಡಿದು, ಅದರ ಉದ್ದಕ್ಕೂ ಯಾವ ಬಣ್ಣ ಎಲ್ಲಿ ಕೂತಿದೆ ಎಂದು ನೋಡಬೇಕು.

ಹಾಗೆ ನೋಡಲು ಅಡ್ಡಿಯಾಗಿದ್ದುದು ಬೆಳಕಿನ ಗುಣವೇ. ಆ ಅಡ್ಡಿ ದಾಟಿ, 2014ರಲ್ಲಿ ನೆದರ್‌ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಲೊರೆಂಜೊ ಆಲ್ಬೆರ್ಟಾಜ್ಜಿ, ಬರ್ಟ್ ಮೈಯರ್ ಮತ್ತವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಅದಕ್ಕೆ ಬರುವ ಮುನ್ನ ಈ ಸಡಿಲ ಪಾಲಿಮರ್‌ಗಳ ಪೂರ್ವೋತ್ತರ ಸ್ವಲ್ಪ ತಿಳಿದಿರಬೇಕು.

ಸೋತ ವಾದಕ್ಕೆ ಬಂದ ಮರುಜೀವ

ರಬ್ಬರು, ಸೆಲ್ಯುಲೋಸ್‌ನಂಥ ವಸ್ತುಗಳು ಸಣ್ಣ ಅಣುಗಳು ಸಾವಿರಗಟ್ಟಲೆ ಗಟ್ಟಿಯಾಗಿ ಬೆಸೆದುಕೊಂಡು ಆದ ದೈತ್ಯ ಅಣುಗಳು ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದರು. ಅಂದಿನ ಘಟಾನುಘಟಿಗಳು ಒಪ್ಪಲಿಲ್ಲ. ಅಷ್ಟು ದೊಡ್ಡ ಅಣು ಇರಲಾರದು, ಸಣ್ಣ ಅಣುಗಳೇ ಯಾವುದೋ ಸಡಿಲ ಸೆಳೆತದಿಂದ ಗುಂಪುಗೂಡಿ ಹಾಗೆ ತೋರುತ್ತಿವೆ ಎಂಬುದು ಅವರ ಪ್ರತಿವಾದ. ಕೊನೆಗೆ ಸ್ಟೌಡಿಂಗರ್ ಗೆದ್ದರು. 1953ರಲ್ಲಿ ನೊಬೆಲ್ ಬಂತು. ನಮ್ಮ ಕೊಡ, ಹಗ್ಗ, ಟೈರು, ಪೈಪುಗಳೆಲ್ಲ ಆ ಗೆದ್ದ ವಾದದ ಮಕ್ಕಳು. ಅವುಗಳಲ್ಲಿ ಪ್ರತಿ ಕೊಂಡಿಯೂ ಸಹವೇಲೆನ್ಸಿ ಬಂಧ. ಕಾಯಿಸಿದರೆ ವಸ್ತು ಕರಗಬಹುದು, ಕೊಂಡಿ ಸುಲಭಕ್ಕೆ ಬಿಡುವುದಿಲ್ಲ. ಪ್ಲಾಸ್ಟಿಕ್ ಕಸ ಕೊಳೆಯದಿರುವುದಕ್ಕೂ ಇದೇ ಗಟ್ಟಿತನ ಕಾರಣ.

ತಮಾಷೆಯೆಂದರೆ, ಸೋತವರು ಅಂದು ವರ್ಣಿಸಿದ್ದಂಥ ವಸ್ತುಗಳನ್ನೇ ಇಂದು ಪ್ರಯೋಗಾಲಯಗಳಲ್ಲಿ ಬೇಕೆಂದೇ ಮಾಡುತ್ತಾರೆ. ಅಣುಗಳ ನಡುವಿನ ದುರ್ಬಲ ಸೆಳೆತಗಳನ್ನೇ ನೆಚ್ಚಿ ರಚನೆ ಕಟ್ಟುವ ಈ ಶಾಸ್ತ್ರಕ್ಕೆ ‘ಸುಪ್ರಾಮಾಲಿಕ್ಯುಲರ್ ರಸಾಯನ’ ಎಂದು ಹೆಸರು. ಫ್ರಾನ್ಸಿನ ಜಾನ್-ಮಾರಿ ಲೆನ್ ಮತ್ತಿಬ್ಬರಿಗೆ 1987ರ ನೊಬೆಲ್ ಸಂದದ್ದು ಈ ಹಾದಿ ತೆರೆದುದಕ್ಕೆ. ಹತ್ತು ವರ್ಷಗಳ ಬಳಿಕ, 1997ರಲ್ಲಿ, ಮೈಯರ್ ಬಳಗ ಒಂದು ಅಣುವನ್ನು ತೋರಿಸಿತು. ಅದು ತನ್ನಂಥದ್ದೇ ಇನ್ನೊಂದನ್ನು ನಾಲ್ಕು ಹೈಡ್ರೋಜನ್ ಬಂಧಗಳಿಂದ ಒಟ್ಟಿಗೇ ಹಿಡಿಯುತ್ತದೆ. ಒಂದೊಂದು ಬಂಧವೂ ದುರ್ಬಲ, ನಾಲ್ಕೂ ಸೇರಿದರೆ ನಿಜವಾದ ಪಾಲಿಮರ್‌ನಷ್ಟೇ ಬಲ. ಆದರೆ ಬಿಸಿ ಮಾಡಿದರೆ ಬಿಡುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ.

ನಮ್ಮ ಸೀಸೆಗಳಲ್ಲಿದ್ದ ಎಳೆಗಳ ಅಣು ಬೇರೊಂದು. ನಡುವೆ ಒಂದು ಬೆಂಜೀನ್ ಉಂಗುರ, ಅದರಿಂದ ಮೂರು ದಿಕ್ಕಿಗೆ ಹೊರಟ ಮೂರು ಅಮೈಡ್ ತೋಳುಗಳು. ರಸಾಯನಶಾಸ್ತ್ರಜ್ಞರು ಚಿಕ್ಕದಾಗಿ ‘ಬಿಟಿಎ’ ಎನ್ನುತ್ತಾರೆ. ತೋಳಿನ ಒಳಭಾಗ ನೀರಿಗೆ ಅಂಜುವ ಕೊಬ್ಬಿನಂಥ ಸರಪಳಿ, ಹೊರತುದಿ ನೀರನ್ನು ಒಲ್ಲೆನ್ನದ ಭಾಗ. ಇದನ್ನು ನೀರಿಗೆ ಹಾಕಿದರೆ ಚಪ್ಪಟೆ ಅಣುಗಳು ಒಂದರ ಮೇಲೊಂದು ಕೂರತೊಡಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವಣ ಅಂತರ ಸುಮಾರು 0.35 ನ್ಯಾನೊಮೀಟರ್; ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್. ಹೀಗೆ ಸಾವಿರಾರು ಅಣು ಪೇರಿಕೊಂಡು, ಕೆಲವೇ ನ್ಯಾನೊಮೀಟರ್ ದಪ್ಪದ, ಆದರೆ ಮೈಕ್ರೋಮೀಟರುಗಳಷ್ಟು ಉದ್ದದ ಎಳೆಯಾಗುತ್ತದೆ. ಯಾರೂ ಜೋಡಿಸಬೇಕಿಲ್ಲ, ತಾನಾಗಿಯೇ ಆಗುತ್ತದೆ.

ಇಂಥ ಎಳೆಗಳು ನಮ್ಮ ಮೈಯೊಳಗೇ ಇವೆ. ಜೀವಕೋಶದ ಆಕಾರ ಹಿಡಿದಿಡುವ ಮೈಕ್ರೋಟ್ಯೂಬ್ಯೂಲ್‌ಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಸಾವಿರಾರು ಅಣುಗಳು ಸಡಿಲವಾಗಿ ಜೋಡಣೆಯಾಗಿ ಆದವು. ಅವು ತುದಿಯಲ್ಲಿ ಬೆಳೆಯುತ್ತ, ತಟ್ಟನೆ ತುದಿಯಿಂದಲೇ ಕುಸಿಯುತ್ತ ಇರುತ್ತವೆ ಎಂದು ಟಿಮ್ ಮಿಚಿಸನ್ ಮತ್ತು ಮಾರ್ಕ್ ಕರ್ಶ್ನರ್ 1984ರಲ್ಲಿ ತೋರಿಸಿದರು. ಅದನ್ನು ಓದಿಕೊಂಡವರಿಗೆ ಬಿಟಿಎ ಎಳೆಯ ಅಣು ವಿನಿಮಯವೂ ತುದಿಯಲ್ಲೇ ನಡೆಯುತ್ತಿರಬಹುದು ಎನ್ನಿಸಿದರೆ ಆಶ್ಚರ್ಯವಿಲ್ಲ.

ಬೆಳಕು ಹಾಕಿದ ಬೇಲಿ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದೆಯಲ್ಲ, ಅದರಲ್ಲಿ ನೋಡಿದರಾಯಿತು ಎನ್ನಬಹುದು. ನೋಡಿದ್ದರು ಕೂಡ. ದ್ರಾವಣವನ್ನು ಕ್ಷಣಾರ್ಧದಲ್ಲಿ ಗಾಜಿನಂಥ ಮಂಜುಗಡ್ಡೆಯಾಗಿಸಿ ಚಿತ್ರ ತೆಗೆಯುವ ಕ್ರಯೋ ವಿಧಾನದಲ್ಲಿ ಈ ಎಳೆಗಳು ಸೊಗಸಾಗಿ ಕಾಣುತ್ತವೆ, ದಪ್ಪವನ್ನೂ ಅಳೆಯಬಹುದು. ಆದರೆ ಆ ಚಿತ್ರ ಕಪ್ಪು-ಬಿಳುಪು. ಮೊದಲ ಸೀಸೆಯಿಂದ ಬಂದ ಅಣು ಯಾವುದು, ಎರಡನೆಯದರದ್ದು ಯಾವುದು ಎಂದು ಅದು ಹೇಳುವುದಿಲ್ಲ. ಎಲ್ಲವೂ ಒಂದೇ ಇಂಗಾಲ, ಒಂದೇ ಜಲಜನಕ. ಈ ಪಾಲಿಮರ್‌ಗಳ ವಿಷಯದಲ್ಲಿ, ಬೆಳಕಿನ ಅಡ್ಡಿಯನ್ನು ದಾಟಿ ನೋಡುವ ‘ಸೂಪರ್-ರೆಸಲ್ಯೂಶನ್’ ಸೂಕ್ಷ್ಮದರ್ಶನದ ನಿಜವಾದ ಬೆಲೆ ಇರುವುದು ಇಲ್ಲಿ ಎಂಬುದು ನನ್ನ ಎಣಿಕೆ. ಅದಕ್ಕಿಂತ ಸಣ್ಣದನ್ನು ತೋರಿಸುವ ಯಂತ್ರಗಳು ಹಿಂದೆಯೂ ಇದ್ದವು. ನೀರಿನಲ್ಲಿ ನೆನೆದಿರುವ ಎಳೆಯಲ್ಲಿ, ಯಾರು ಯಾರೆಂದು ಗುರುತು ಹಚ್ಚಿ ತೋರಿಸುವ ಯಂತ್ರ ಇರಲಿಲ್ಲ.

ಗುರುತಿಗೆ ಬಣ್ಣ ಬೇಕು, ಬಣ್ಣಕ್ಕೆ ಬೆಳಕು ಬೇಕು. ಬೆಳಕಿಗೆ ತನ್ನದೇ ಒಂದು ಬೇಲಿ. ಜರ್ಮನಿಯ ಯೇನಾ ಊರಿನಲ್ಲಿ ಅರ್ನ್ಸ್ಟ್ ಆಬೆ 1873ರಲ್ಲೇ ಅದನ್ನು ಗುರುತಿಸಿದ್ದರು. ಬೆಳಕು ಅಲೆಯಾದ್ದರಿಂದ ಎಷ್ಟೇ ಒಳ್ಳೆಯ ಮಸೂರವಿದ್ದರೂ ಒಂದು ಚುಕ್ಕಿ ಚುಕ್ಕಿಯಾಗಿ ಮೂಡದೆ ಹರಡಿದ ಮಚ್ಚೆಯಾಗಿ ಮೂಡುತ್ತದೆ. ಎರಡು ಚುಕ್ಕಿಗಳು ಅಲೆಯುದ್ದದ ಹೆಚ್ಚುಕಡಿಮೆ ಅರ್ಧಕ್ಕಿಂತ ಹತ್ತಿರ ಬಂದರೆ ಮಚ್ಚೆಗಳು ಒಂದಾಗಿಬಿಡುತ್ತವೆ. ಹಸಿರು ಬೆಳಕಿನ ಅಲೆಯುದ್ದ ಸುಮಾರು 520 ನ್ಯಾನೊಮೀಟರ್. ಇಂದಿನ ಅತ್ಯುತ್ತಮ ಮಸೂರ ಹಾಕಿ ಲೆಕ್ಕ ಮಾಡಿದರೂ 190ರ ಆಸುಪಾಸಿಗೆ ನಿಲ್ಲುತ್ತದೆ. ಯೇನಾದಲ್ಲಿ ಆಬೆಯ ಸ್ಮಾರಕದ ಮೇಲೆ ಈ ಸೂತ್ರವನ್ನೇ ಕೆತ್ತಿದ್ದಾರೆ. ಕಲ್ಲಿನಲ್ಲಿ ಬರೆದ ಮಾತು ಎನ್ನುವುದಕ್ಕೆ ತಕ್ಕಂತೆ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಕದಲಲಿಲ್ಲ. ನಮ್ಮ ಎಳೆಯ ಮೇಲೆ 190 ನ್ಯಾನೊಮೀಟರ್ ಎಂದರೆ ಐನೂರಕ್ಕೂ ಹೆಚ್ಚು ಅಣು ಪೇರಿದ ಉದ್ದ. ಅಷ್ಟು ಜಾಗದಲ್ಲಿ ಕೆಂಪು-ಹಸಿರು ಹೇಗೆ ಹಂಚಿಕೊಂಡಿದ್ದರೂ ಕಾಣುವುದು ಒಂದು ಹಳದಿ ಮಸುಕು.

ಬೇಲಿಯನ್ನು ಯಾರೂ ಕಿತ್ತು ಹಾಕಿಲ್ಲ. ಸುತ್ತಿಕೊಂಡು ಹೋಗುವ ದಾರಿ ಹುಡುಕಿದರು. ಮೈಸೂರು ಅರಮನೆಗೆ ಭಾನುವಾರ ಸಂಜೆ ದೀಪ ಹಾಕಿದಾಗ ಚಾಮುಂಡಿ ಬೆಟ್ಟದಿಂದ ನೋಡಿದವರಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳ ಬೆಳಕು ಒಂದೇ ಹೊಳಪಾಗಿ ಕಾಣುತ್ತದೆ, ಬಿಡಿ ಬಲ್ಬು ಕಾಣದು. ಎಲ್ಲವನ್ನೂ ಆರಿಸಿ, ಒಂದು ಸಲಕ್ಕೆ ಅಲ್ಲೊಂದು ಇಲ್ಲೊಂದು ಬಲ್ಬನ್ನಷ್ಟೇ ಹೊತ್ತಿಸಿದರೆ? ಒಂಟಿ ಬಲ್ಬು ದೂರಕ್ಕೆ ಮಸುಕಾಗಿಯೇ ಕಂಡರೂ ಮಸುಕಿನ ನಟ್ಟನಡು ಎಲ್ಲಿ ಎಂದು ನಿಖರವಾಗಿ ಗುರುತು ಹಾಕಿಕೊಳ್ಳಬಹುದು. ಹಾಗೆ ಸರದಿಯ ಮೇಲೆ ಎಲ್ಲ ಬಲ್ಬುಗಳನ್ನೂ ಗುರುತು ಹಾಕಿ ಮುಗಿಸಿದರೆ ಕಾಗದದ ಮೇಲೆ ಇಡೀ ಅರಮನೆ ಎದ್ದು ನಿಲ್ಲುತ್ತದೆ.

ಅಣುಗಳನ್ನು ಹೀಗೆ ಸರದಿಯ ಮೇಲೆ ಮಿಣುಕಿಸುವುದೇ ಕಸುಬು. ಒಂಟಿ ಅಣುವನ್ನು ಬೆಳಕಿನಿಂದ ಪತ್ತೆ ಮಾಡಬಹುದೆಂದು 1989ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ವಿಲಿಯಂ ಮೋರ್ನರ್ ತೋರಿಸಿದ್ದರು. 1997ರಲ್ಲಿ ಹಸಿರು ಪ್ರೋಟೀನಿನ ಅಣುಗಳು ಹೊತ್ತಿ ಆರುವುದನ್ನೂ ಕಂಡರು. ಎರಿಕ್ ಬೆಟ್ಜಿಗ್ ಬೆಲ್ ಲ್ಯಾಬ್ಸ್ ಕೆಲಸ ಬಿಟ್ಟು ಮಿಷಿಗನ್‌ನಲ್ಲಿ ತಂದೆಯ ಯಂತ್ರೋಪಕರಣ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು, ವಿಜ್ಞಾನಕ್ಕೆ ಮರಳಿ, ಗೆಳೆಯ ಹೆರಾಲ್ಡ್ ಹೆಸ್‌ನ ಮನೆಯ ಹಜಾರದಲ್ಲಿ ಸೂಕ್ಷ್ಮದರ್ಶಕ ಕಟ್ಟಿದ ಕಥೆ ಆಗಲೇ ದಂತಕಥೆ. ಅವರ ‘ಪಾಮ್’ ವಿಧಾನ ಪ್ರಕಟವಾದದ್ದು 2006ರಲ್ಲಿ. ಅದೇ ವರ್ಷ ಹಾರ್ವರ್ಡ್‌ನ ಶಾವೆ ಜುವಾಂಗ್ ಬಳಗದ ‘ಸ್ಟಾರ್ಮ್’ ಬಂತು. ಜರ್ಮನಿಯ ಸ್ಟೆಫಾನ್ ಹೆಲ್ ಬೇರೆಯೇ ದಾರಿ ಹಿಡಿದಿದ್ದರು. ಹೊಳೆಯುವ ಮಚ್ಚೆಯ ಅಂಚನ್ನು ಇನ್ನೊಂದು ಲೇಸರಿನಿಂದ ಆರಿಸಿ ನಡುವನ್ನಷ್ಟೇ ಉಳಿಸುವ ‘ಸ್ಟೆಡ್’ ಅವರದು. 2014ರ ರಸಾಯನಶಾಸ್ತ್ರ ನೊಬೆಲ್ ಬೆಟ್ಜಿಗ್, ಹೆಲ್, ಮೋರ್ನರ್ ಮೂವರಿಗೆ ಹೋಯಿತು. ನಾಲ್ಕನೆಯವರಿಗೆ ನೊಬೆಲ್ಲಿನಲ್ಲಿ ಜಾಗವಿಲ್ಲ. ಪಾಲಿಮರ್ ಎಳೆಗಳ ಮಟ್ಟಿಗೆ ನೋಡಿದರೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜುವಾಂಗ್ ಅವರ ವಿಧಾನವೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಸ್ಟಾರ್ಮ್‌ನಲ್ಲಿ ಬಳಸುವ ಬಣ್ಣಗಳು ಹೆಚ್ಚಾಗಿ ಸಯನಿನ್ ಕುಲದವು. ಸೈ5 ಎಂಬುದಕ್ಕೆ ಜೋರಾದ ಕೆಂಪು ಲೇಸರ್ ಬಿಟ್ಟರೆ ಮೊದಲು ಹೊಳೆದು, ಆಮೇಲೆ ದ್ರಾವಣದಲ್ಲಿರುವ ಗಂಧಕಯುಕ್ತ ಥಯಾಲ್ ಅಣುವಿನೊಂದಿಗೆ ಸೇರಿ ಆರಿಹೋಗುತ್ತದೆ. ತುಸು ಹೊತ್ತಿಗೆ ಆ ಥಯಾಲ್ ಬಿಟ್ಟುಹೋದಾಗ ಮತ್ತೆ ಹೊತ್ತುತ್ತದೆ. ಆಮ್ಲಜನಕ ಇದ್ದರೆ ಬಣ್ಣವೇ ಕೆಡುತ್ತದಾದ್ದರಿಂದ ಅದನ್ನು ಹೀರಿಹಾಕಲು ಕಿಣ್ವಗಳನ್ನು ಬೆರೆಸಿರುತ್ತಾರೆ. ಒಂದು ಸಲ ಹೊತ್ತಿದಾಗ ಸಿಕ್ಕ ಬೆಳಕಿನ ಕಣಗಳು ಅಂದರೆ ಫೋಟಾನುಗಳು ಹೆಚ್ಚಿದಷ್ಟೂ ನಡುವಿನ ಗುರುತು ಖಚಿತ. ಲೆಕ್ಕ ಸರಳ: ಮಚ್ಚೆಯ ಹರವನ್ನು ಫೋಟಾನು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 100 ನ್ಯಾನೊಮೀಟರ್ ಹರವಿಗೆ 100 ಫೋಟಾನು ಸಿಕ್ಕರೆ ತಪ್ಪು 10 ನ್ಯಾನೊಮೀಟರಿಗೆ ಇಳಿಯುತ್ತದೆ, 10,000 ಸಿಕ್ಕರೆ ಒಂದಕ್ಕೆ. ಹಿನ್ನೆಲೆಯ ಬೆಳಕು, ಮೇಜಿನ ಕಂಪನ, ಗಾಜಿನ ಸಣ್ಣ ಜರುಗಾಟ ಎಲ್ಲ ಸೇರಿ ವಾಸ್ತವದಲ್ಲಿ ಸುಮಾರು 20 ನ್ಯಾನೊಮೀಟರ್ ಸಿಗುತ್ತದೆ. ಬೇಲಿಗೆ ಹೋಲಿಸಿದರೆ ಹತ್ತು ಪಟ್ಟು ಲಾಭ.

ಐಂಡ್‌ಹೋವನ್‌ನಲ್ಲಿ ಸಿಕ್ಕ ಉತ್ತರ, ಶಿಕಾಗೊ ಬಳಿ ಸಿಕ್ಕ ಇನ್ನೊಂದು

ಆಲ್ಬೆರ್ಟಾಜ್ಜಿ ಮತ್ತವರ ಸಂಗಡಿಗರು ಬಿಟಿಎ ಅಣುಗಳಲ್ಲಿ ನೂರಕ್ಕೆ ಕೆಲವಕ್ಕಷ್ಟೇ ಬಣ್ಣ ಅಂಟಿಸಿದರು. ಒಂದು ಸೀಸೆಗೆ ಹಸಿರಾಗಿ ಸೈ3, ಇನ್ನೊಂದಕ್ಕೆ ಕೆಂಪಾಗಿ ಸೈ5. ಬೆರೆಸಿದ ಮೇಲೆ ಆಗಾಗ ಹನಿ ತೆಗೆದು ಗಾಜಿನ ಮೇಲೆ ಕೂರಿಸಿ ಸ್ಟಾರ್ಮ್ ಚಿತ್ರ ತೆಗೆದರು. ಆರಂಭದಲ್ಲಿ ಕೆಂಪು ಎಳೆ, ಹಸಿರು ಎಳೆ ಬೇರೆ ಬೇರೆಯಾಗಿ ಅಡ್ಡಾದಿಡ್ಡಿ ಬಿದ್ದಿದ್ದವು. ಗಂಟೆಗಳು ಕಳೆದಂತೆ ಕೆಂಪು ಎಳೆಗಳ ಮೇಲೆ ಹಸಿರು ಚುಕ್ಕಿ, ಹಸಿರಿನ ಮೇಲೆ ಕೆಂಪು ಚುಕ್ಕಿ ಕಾಣಿಸಿಕೊಂಡವು. ತುದಿಯಲ್ಲಿ ಹೆಚ್ಚು, ನಡುವೆ ಕಡಿಮೆ ಎಂಬ ಭೇದ ಇರಲಿಲ್ಲ. ಉದ್ದುದ್ದ ಕೆಂಪು ತುಂಡಿಗೆ ಉದ್ದುದ್ದ ಹಸಿರು ತುಂಡು ಬೆಸೆದ ಗುರುತೂ ಇರಲಿಲ್ಲ. ಅಣುಗಳು ಎಳೆಯ ಉದ್ದಕ್ಕೂ ಸಮನಾಗಿ ಹೋಗಿ ಬಂದು ಮಾಡುತ್ತಿದ್ದವು.

ಚಿತ್ರ ನೋಡಿ “ಸಮನಾಗಿದೆ” ಎಂದುಬಿಡುವುದು ಸುಲಭ, ನಂಬಿಸುವುದು ಕಷ್ಟ. ಮನುಷ್ಯನ ಕಣ್ಣು ಇಲ್ಲದ ವಿನ್ಯಾಸವನ್ನೂ ಕಂಡುಬಿಡುತ್ತದೆ. ಅದಕ್ಕೇ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಸಂಭಾವ್ಯತಾ ಶಾಸ್ತ್ರದ ರೆಮ್ಕೊ ಫಾನ್ ಡರ್ ಹಾಫ್‌ಸ್ಟಾಡ್‌ರಂಥ ಗಣಿತಜ್ಞರೂ ಇದ್ದಾರೆ. ವಿನಿಮಯ ತುದಿಯಲ್ಲಾದರೆ ಚುಕ್ಕಿಗಳ ಹಂಚಿಕೆ ಹೇಗಿರಬೇಕು, ಮುರಿದು ಬೆಸೆದರೆ ಹೇಗಿರಬೇಕು, ಎಲ್ಲೆಡೆ ನಡೆದರೆ ಹೇಗಿರಬೇಕು ಎಂದು ಲೆಕ್ಕ ಹಾಕಿ ಚಿತ್ರದ ಜೊತೆ ತಾಳೆ ನೋಡಿದ ಮೇಲೆಯೇ ತೀರ್ಪು ಬಂದದ್ದು. ರಸಾಯನಶಾಸ್ತ್ರದ ಪ್ರಶ್ನೆಯೊಂದನ್ನು ಗಣಿತ ವಿಭಾಗದ ನೆರವಿನಿಂದ ಬಗೆಹರಿಸಿದ ಈ ಕ್ರಮ ನನಗೆ ಚಿತ್ರಗಳಷ್ಟೇ ಇಷ್ಟವಾಗುತ್ತದೆ.

ಎರಡು ವರ್ಷ ಬಿಟ್ಟು, 2016ರಲ್ಲಿ, ಕಥೆಗೆ ಒಂದು ತಿರುವು. ಶಿಕಾಗೊ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ಬಳಗ ಐಂಡ್‌ಹೋವನ್‌ನವರ ಜೊತೆಗೂಡಿ ಇದೇ ಪರೀಕ್ಷೆಯನ್ನು ಬೇರೆ ಎಳೆಗಳ ಮೇಲೆ ಮಾಡಿತು. ಅಮೈನೊ ಆಮ್ಲಗಳ ಪುಟ್ಟ ಸರಪಳಿಗೆ ಕೊಬ್ಬಿನ ಬಾಲ ಹಚ್ಚಿದ ಪೆಪ್ಟೈಡ್ ಎಳೆಗಳವು. ಅಲ್ಲಿ ಸಮತೆ ಕಾಣಲಿಲ್ಲ. ಒಂದು ಕಡೆ ಬಿಡಿ ಅಣುಗಳು ಓಡಾಡಿದರೆ ಇನ್ನೊಂದು ಕಡೆ ಗೊಂಚಲು ಗೊಂಚಲಾಗಿಯೇ ಅಣುಗಳು ಸ್ಥಳ ಬದಲಿಸಿದ್ದವು. ಕೆಲವು ಭಾಗಗಳಂತೂ ಎಷ್ಟು ಹೊತ್ತಾದರೂ ಅಲುಗದೆ ತಮ್ಮ ಮೂಲ ಬಣ್ಣದಲ್ಲೇ ಕೂತಿದ್ದವು. ದ್ರಾವಣದ ಸರಾಸರಿ ಅಳೆದಿದ್ದರೆ “ವಿನಿಮಯ ನಿಧಾನ” ಎಂಬ ಒಂದು ಸಂಖ್ಯೆ ಸಿಗುತ್ತಿತ್ತು. ಆ ಸಂಖ್ಯೆ ಸುಳ್ಳಾಗಿರುತ್ತಿರಲಿಲ್ಲ. ಆದರೆ ಆ ವೇಗದಲ್ಲಿ ನಡೆದುಕೊಳ್ಳುವ ಎಳೆ ಆ ಸೀಸೆಯಲ್ಲಿ ಒಂದೂ ಇರದೆಯೂ ಇರಬಹುದಿತ್ತು.

ಅಣು ಎಷ್ಟು ಚುರುಕು ಎಂಬುದರಿಂದ ಯಾರಿಗೇನು ಎಂಬ ಪ್ರಶ್ನೆಗೆ ಉತ್ತರವನ್ನೂ ಸ್ಟಪ್ ಬಳಗವೇ ಕೊಟ್ಟಿತು. 2021ರಲ್ಲಿ ‘ಸೈನ್ಸ್’ನಲ್ಲಿ ಬಂದ ಅವರ ಪ್ರಯೋಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಸ್ವಾಧೀನ ತಪ್ಪಿದ ಇಲಿಗಳಿಗೆ ಈ ಕುಲದ ಎಳೆಗಳನ್ನು ಒಂದೇ ಸಲ ಚುಚ್ಚಿ ಸೇರಿಸಿದರು. ನಾಲ್ಕು ವಾರಗಳಲ್ಲಿ ಇಲಿಗಳು ಮತ್ತೆ ನಡೆದಾಡಿದವು. ಎಳೆಯ ಮೇಲಿದ್ದ ಜೈವಿಕ ಸಂಕೇತಗಳು ಒಂದೇ ಆಗಿದ್ದರೂ ಎಳೆಯೊಳಗೆ ಅಣುಗಳು ಹೆಚ್ಚು ಚಲಿಸುವಂತೆ ರೂಪಿಸಿದ್ದವು ಹೆಚ್ಚು ಗುಣ ತೋರಿದವು. ಇದು ಇಲಿಗಳ ಮಾತು, ಮನುಷ್ಯರ ಚಿಕಿತ್ಸೆ ಎಂದು ಓದಿಕೊಳ್ಳಬಾರದು. ಆದರೂ ಎಳೆಯೊಳಗಿನ ಓಡಾಟ ಬರೀ ಪ್ರಯೋಗಾಲಯದ ಕುತೂಹಲವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಜಕ್ಕೂರಿನ ಎಳೆಗಳು

ಬೆಂಗಳೂರಿನ ಜಕ್ಕೂರಿನಲ್ಲಿ, ಸಿ.ಎನ್.ಆರ್. ರಾವ್ ಮುಂದಾಳತ್ವದಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಸುಬಿ ಜಾರ್ಜ್ ಇಂಥ ಪಾಲಿಮರ್‌ಗಳಲ್ಲಿ ಹೆಸರು ಮಾಡಿದವರು. ಜಕ್ಕೂರಿಗೆ ಬರುವ ಮುನ್ನ ಐಂಡ್‌ಹೋವನ್‌ನ ಮೈಯರ್ ಬಳಗದಲ್ಲೇ ಕೆಲಸ ಮಾಡಿದ್ದವರು. ಅದೇ ಸಂಸ್ಥೆಯ ಸರಿತ್ ಅಗಸ್ತಿ ಸೂಪರ್-ರೆಸಲ್ಯೂಶನ್ ಚಿತ್ರಣಕ್ಕೆ ಬೇಕಾದ ರಸಾಯನದಲ್ಲಿ ಪಳಗಿದವರು. ಒಬ್ಬರಿಗೆ ನೋಡಬೇಕಾದ ವಸ್ತು ಗೊತ್ತು, ಇನ್ನೊಬ್ಬರಿಗೆ ನೋಡುವ ಬಗೆ ಗೊತ್ತು, ಇಬ್ಬರೂ ಒಂದೇ ಆವರಣದಲ್ಲಿ. ಎಷ್ಟೋ ಸಲ ವಿಜ್ಞಾನ ಮುಂದೆ ಹೋಗುವುದು ಇಂಥ ನೆರೆಹೊರೆಯಿಂದ.

ಅವರು 2020ರಲ್ಲಿ, ಯುರೋಪಿನ ಗಣಕ-ಅನುಕರಣೆಯ ತಜ್ಞರನ್ನೂ ಜೊತೆಗಿಟ್ಟುಕೊಂಡು, ಕೈಗೆತ್ತಿಕೊಂಡ ಪ್ರಶ್ನೆ ವಿನಿಮಯದ್ದಲ್ಲ, ಅನುಕ್ರಮದ್ದು. ಎರಡು ಬಗೆಯ ಅಣುಗಳನ್ನು ಒಟ್ಟಿಗೆ ಬಿಟ್ಟರೆ ಏನಾದರೂ ಆಗಬಹುದು. ‘ಅ’ ಅಣುಗಳೆಲ್ಲ ಸೇರಿ ಒಂದು ಎಳೆ, ‘ಬ’ ಅಣುಗಳೆಲ್ಲ ಸೇರಿ ಇನ್ನೊಂದು ಎಳೆ ಆಗಬಹುದು. ಒಂದೇ ಎಳೆಯಲ್ಲಿ ಎರಡೂ ಹೇಗೆಂದರೆ ಹಾಗೆ ಬೆರೆಯಬಹುದು. ಅಥವಾ ಒಂದು ಗೇಣು ‘ಅ’, ಅದಕ್ಕೆ ಹೊಂದಿಕೊಂಡು ಒಂದು ಗೇಣು ‘ಬ’ ಎಂಬಂತೆ ಖಂಡ ಖಂಡವಾಗಿ ಬೆಳೆಯಬಹುದು. ಸ್ಟೌಡಿಂಗರ್ ಮಾದರಿಯ ಗಟ್ಟಿ ಪಾಲಿಮರ್‌ಗಳಲ್ಲಿ ಈ ಖಂಡ ರಚನೆ ಹಳೆಯ ವಿದ್ಯೆ, ಚಪ್ಪಲಿಯ ಅಟ್ಟೆಯಲ್ಲೂ ಅಂಥವು ಇವೆ. ಅಣುಗಳು ನಿಂತಲ್ಲಿ ನಿಲ್ಲದ ಈ ಸಡಿಲ ಎಳೆಗಳಲ್ಲಿ ಖಂಡಗಳನ್ನು ಕಾಯ್ದುಕೊಳ್ಳುವುದು ದೊಡ್ಡ ಸವಾಲು. ಜಕ್ಕೂರಿನವರು ಜೋಡಣೆಯ ದಾರಿಯನ್ನು ಹಿಡಿತದಲ್ಲಿಟ್ಟುಕೊಂಡು ಮೂರೂ ಬಗೆಯನ್ನು ಮಾಡಿ ತೋರಿಸಿದರು.

ತೋರಿಸಿದ್ದು ಹೇಗೆ ಎಂಬುದು ನಮಗೆ ಮುಖ್ಯ. ಅವರ ಅಣು ನ್ಯಾಫ್ತಲೀನ್ ಡೈಇಮೈಡ್ ಎಂಬ ಕುಲದ್ದು. ಅದರ ನಡುಭಾಗಕ್ಕೆ ಯಾವ ಗುಂಪನ್ನು ಸೇರಿಸುತ್ತೇವೆ ಎಂಬುದರ ಮೇಲೆ ಅದು ತಾನೇ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಅಂದರೆ ಹೊರಗಿನ ಬಣ್ಣ ಅಂಟಿಸುವ ಗೋಜಿಲ್ಲ, ಎಳೆಯೇ ದೀಪ. ಚಿತ್ರಕ್ಕೆ ಬಳಸಿದ್ದು ‘ಸಿಮ್’ ವಿಧಾನ. ಮೊಬೈಲಿನ ಸಿಮ್‌ಗೂ ಇದಕ್ಕೂ ಸಂಬಂಧವಿಲ್ಲ! ಬೆಳಕನ್ನು ಪಟ್ಟೆ ಪಟ್ಟೆಯಾಗಿ ಹಾಯಿಸಿ, ಪಟ್ಟೆಗಳನ್ನು ತಿರುಗಿಸುತ್ತ ಜರುಗಿಸುತ್ತ ಹಲವು ಚಿತ್ರ ತೆಗೆದು, ಅವುಗಳಿಂದ ಮೂಲ ವಿನ್ಯಾಸವನ್ನು ಗಣಿತದಿಂದ ಹೊರತೆಗೆಯುತ್ತಾರೆ. 2000ದಲ್ಲಿ ಮ್ಯಾಟ್ಸ್ ಗುಸ್ತಾಫ್‌ಸನ್ ಇದನ್ನು ಬಳಕೆಗೆ ತಂದರು. ಲಾಭ ಎರಡು ಪಟ್ಟು ಮಾತ್ರ, ಸುಮಾರು 100 ನ್ಯಾನೊಮೀಟರ್‌ವರೆಗೆ. ಆದರೆ ಮಿಣುಕುವ ವಿಶೇಷ ಬಣ್ಣ ಬೇಡ, ಆಮ್ಲಜನಕ ಹೀರುವ ಕಿಣ್ವ ಬೇಡ, ಚಿತ್ರ ಬೇಗ ಸಿಗುತ್ತದೆ. ಕೆಂಪು ಖಂಡ, ಹಸಿರು ಖಂಡ ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತಿರುವುದನ್ನು ತೋರಿಸಲು ಅಷ್ಟು ಧಾರಾಳ ಸಾಕು. ಹತ್ತು ಪಟ್ಟು ಲಾಭದ ಯಂತ್ರವೇ ಬೇಕೆಂದು ಹಟ ಹಿಡಿಯುವುದಕ್ಕಿಂತ ಪ್ರಶ್ನೆಗೆ ತಕ್ಕ ಯಂತ್ರ ಆರಿಸುವುದೇ ಜಾಣತನ.

ಚಿತ್ರವನ್ನು ಎಷ್ಟು ನಂಬಬೇಕು

ಪತ್ರಿಕೆಗಳ ಮುಖಪುಟದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೆಂಪು-ಹಸಿರು ಎಳೆಗಳ ಚಿತ್ರ ಕಂಡಾಗ ಅದನ್ನು ಫೋಟೊ ಎಂದುಕೊಳ್ಳುತ್ತೇವೆ. ಅದು ಫೋಟೊ ಅಲ್ಲ. ಕ್ಯಾಮೆರಾ ಕಂಡದ್ದು ಮಸುಕು ಮಚ್ಚೆಗಳ ಸಾವಿರಾರು ಚೌಕಟ್ಟು. ಪ್ರತಿ ಮಚ್ಚೆಯ ನಡುವನ್ನು ಕಂಪ್ಯೂಟರ್ ಊಹಿಸಿ, ಊಹೆಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಇಟ್ಟಾಗ ಆ ಚಿತ್ರವಾಗುತ್ತದೆ. ಬಣ್ಣವೂ ಕಂಪ್ಯೂಟರ್ ಹಚ್ಚಿದ್ದೇ. ಇದು ಮೋಸವೇನಲ್ಲ. ಆದರೆ ನಕ್ಷೆಯನ್ನು ನಕ್ಷೆಯಂತೆಯೇ ಓದಬೇಕು.

ಒಂದೇ ಬಣ್ಣದ ಅಣು ಹತ್ತು ಸಲ ಹೊತ್ತಿ ಆರಿದರೆ ನಕ್ಷೆಯಲ್ಲಿ ಹತ್ತು ಚುಕ್ಕಿ ಒತ್ತೊತ್ತಾಗಿ ಬೀಳುತ್ತವೆ. ಎಚ್ಚರ ತಪ್ಪಿದವರು ಅದನ್ನು ಹತ್ತು ಅಣುಗಳ ಗುಂಪು ಎಂದು ಬರೆದುಬಿಡುತ್ತಾರೆ. ಬಣ್ಣ ತೀರ ಕಡಿಮೆ ಅಂಟಿಸಿದರೆ ಅಖಂಡವಾದ ಎಳೆಯೂ ತುಂಡು ತುಂಡಾಗಿ ಕಾಣುತ್ತದೆ. ಹೆಚ್ಚು ಅಂಟಿಸಿದರೆ ಬೇರೆಯೇ ತಲೆನೋವು: ಸೈ5 ಸಣ್ಣ ಅಣುವಲ್ಲ, ಅದನ್ನು ಹೊತ್ತ ಬಿಟಿಎ ಹೊರದ ಬಿಟಿಎಯಂತೆಯೇ ಎದ್ದು ಕೂತು ಮಾಡುತ್ತದೆ ಎನ್ನುವುದಕ್ಕೆ ಖಾತರಿ ಏನು? ಈ ಅನುಮಾನ ಐಂಡ್‌ಹೋವನ್‌ನವರಿಗೂ ಇತ್ತು. 2017ರಲ್ಲಿ ಅವರು ಬಣ್ಣವೇ ಇಲ್ಲದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಎಳೆಗಳನ್ನು ಭಾರಜಲಕ್ಕೆ ಹಾಕಿ, ಅಣುವಿನ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಎಷ್ಟು ಬೇಗ ಬಂದು ಕೂರುತ್ತದೆ ಎಂದು ದ್ರವ್ಯರಾಶಿ ಅಳೆದು ನೋಡುವ ವಿಧಾನವದು. ಎಳೆಯ ಒಳಗೆ ಅವಿತ ಹೈಡ್ರೋಜನ್‌ಗೆ ನೀರು ತಾಗುವುದು ಆ ಅಣು ಹೊರಗೆ ಇಣುಕಿದಾಗ ಮಾತ್ರ. ಎಳೆಗಳು ನಿಜಕ್ಕೂ ಚಲನಶೀಲ ಎಂಬುದು ಅದರಲ್ಲೂ ಗೊತ್ತಾಯಿತು. ಜೊತೆಗೆ, ಎಲ್ಲ ಅಣುಗಳ ಚುರುಕು ಒಂದೇ ಅಲ್ಲ, ಬೇಗ ಹೊರಬರುವವೂ ಬಹಳ ಹೊತ್ತು ಒಳಗೇ ಉಳಿಯುವವೂ ಇವೆ ಎಂಬುದೂ ಗೊತ್ತಾಯಿತು. ನನ್ನ ಮಟ್ಟಿಗೆ 2014ರ ಚಿತ್ರಗಳಿಗೆ ನಿಜವಾದ ತೂಕ ಬಂದದ್ದು ಈ ಬಣ್ಣವಿಲ್ಲದ ಅಳತೆಯ ಬಳಿಕ.

ಸಮಯದ ಮಿತಿಯೂ ಇದೆ. 20 ಮಿಲಿಸೆಕೆಂಡಿನ 20,000 ಚೌಕಟ್ಟು ಎಂದರೆ ಆರೂವರೆ ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಎಳೆ ಅಲುಗದೆ ಗಾಜಿಗೆ ಅಂಟಿಕೊಂಡಿರಬೇಕು. ಅಂಟಿಕೊಂಡ ಎಳೆ ತೇಲುವ ಎಳೆಯಂತೆ ವರ್ತಿಸುತ್ತದೆಯೆ ಎಂಬ ಸಂಶಯ ಹಿಂದೆಯೇ ಬರುತ್ತದೆ. 2014 ಮತ್ತು 2016ರ ಎರಡೂ ಪ್ರಯೋಗಗಳಲ್ಲಿ ಒಂದೇ ಎಳೆಯ ಬದುಕನ್ನು ಸಿನಿಮಾದಂತೆ ತೆಗೆದದ್ದಲ್ಲ, ಬೇರೆ ಬೇರೆ ಗಳಿಗೆಯಲ್ಲಿ ಬೇರೆ ಬೇರೆ ಎಳೆಗಳ ಚಿತ್ರ ತೆಗೆದದ್ದು. ಮತ್ತೆ, ಸ್ಟಾರ್ಮ್‌ನ ಪಾಕ ನೀರಿಗೆ ಹೇಳಿಸಿದ್ದು. ಈ ಶಾಸ್ತ್ರದ ಎಷ್ಟೋ ಎಳೆಗಳು ಬೆಳೆಯುವುದು ಎಣ್ಣೆಯಂಥ ಸಾವಯವ ದ್ರಾವಕದಲ್ಲಿ. ಅಲ್ಲಿಗೂ ದಾರಿ ಮಾಡಿದವರಿದ್ದಾರೆ. ಬಣ್ಣವನ್ನು ಎಳೆಗೆ ಕಟ್ಟದೆ ದ್ರಾವಣದಲ್ಲಿ ತೇಲಬಿಟ್ಟು, ಅದು ಎಳೆಗೆ ತಾಗಿದಷ್ಟು ಹೊತ್ತು ಹೊಳೆದದ್ದನ್ನು ಗುರುತು ಹಾಕಿಕೊಳ್ಳುವ ‘ಪೇಂಟ್’ ವಿಧಾನ 2006ರಿಂದ ಇದೆ. ಅದರ ಸಂತತಿಯೊಂದನ್ನು ಐಂಡ್‌ಹೋವನ್‌ನ ಇಲ್ಯಾ ವೂಟ್ಸ್ ಬಳಗ 2016ರಲ್ಲಿ ಸಾವಯವ ದ್ರಾವಕಗಳಿಗೂ ಒಗ್ಗಿಸಿತು.

ಜಕ್ಕೂರಿನಲ್ಲಿ ಸುಬಿ ಜಾರ್ಜ್ ಬಳಿ ಪಿಎಚ್.ಡಿ. ಮುಗಿಸಿ ಐಂಡ್‌ಹೋವನ್‌ಗೆ ಹೋದ ಶಿಖಾ ಧೀಮನ್ ಈಗ ಜರ್ಮನಿಯ ಮೈಂಜ್‌ನಲ್ಲಿ ಸ್ವಂತ ಪ್ರಯೋಗಾಲಯ ನಡೆಸುತ್ತಾರೆ. ಆಲ್ಬೆರ್ಟಾಜ್ಜಿ ಮತ್ತಿತರರ ಜೊತೆ 2022ರಲ್ಲಿ ಅವರು ಬರೆದ ವಿಮರ್ಶಾ ಲೇಖನದ ತಲೆಬರಹವೇ ಒಂದು ಪ್ರಶ್ನೆ: ಪದಾರ್ಥ ರಸಾಯನದಲ್ಲಿ ಸೂಪರ್-ರೆಸಲ್ಯೂಶನ್ ನಿತ್ಯದ ಪರೀಕ್ಷೆಯಾಗಬಲ್ಲದೆ? ಆಗಬೇಕಾದರೆ ಯಂತ್ರದ ಬೆಲೆಗಿಂತ ದೊಡ್ಡ ತೊಡಕು ಓದುವವರ ಕೊರತೆ ಎಂದು ನನಗನ್ನಿಸುತ್ತದೆ. ಮಿಣುಕುಗಳಿಂದ ನಕ್ಷೆ ಕಟ್ಟುವುದಕ್ಕೂ ಆ ನಕ್ಷೆಯ ಸುಳ್ಳನ್ನು ಪತ್ತೆ ಹಚ್ಚುವುದಕ್ಕೂ ರಸಾಯನ, ಭೌತ, ಸಂಖ್ಯಾಶಾಸ್ತ್ರ ಮೂರರ ಪರಿಚಯವೂ ಇರುವವರು ಬೇಕು; ನಮ್ಮ ಪದವಿ ತರಗತಿಗಳು ಈ ಮೂರನ್ನು ಮೂರು ಕೋಣೆಗಳಲ್ಲಿ ಕಲಿಸುತ್ತವೆ.

ಬಿಎಸ್ಸಿ ಓದುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಅಭ್ಯಾಸಕ್ಕೆ ಕೋಟಿ ರೂಪಾಯಿಯ ಸೂಕ್ಷ್ಮದರ್ಶಕ ಬೇಕಿಲ್ಲ. ‘ಇಮೇಜ್‌ಜೆ’ ಎಂಬ ತಂತ್ರಾಂಶ ಉಚಿತ. ಅದಕ್ಕೆ ಸೇರಿಕೊಳ್ಳುವ, ಪ್ರಾಗ್‌ನಲ್ಲಿ ಸಿದ್ಧವಾದ ‘ಥಂಡರ್‌ಸ್ಟಾರ್ಮ್’ ಕೂಡ ಉಚಿತ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಮಿಣುಕು ಚೌಕಟ್ಟುಗಳ ಕಡತಗಳನ್ನು, ಸರಿಯುತ್ತರ ಸಮೇತ ಕೆಲವನ್ನು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದ್ದಾರೆ. ಒಂದು ಲ್ಯಾಪ್‌ಟಾಪಿನಲ್ಲಿ ಮಸುಕು ಮಚ್ಚೆಗಳಿಂದ ಎಳೆ ಬಿಡಿಸಿ ನೋಡಿ, ಆಮೇಲೆ ನಿಮ್ಮ ಚಿತ್ರ ಎಲ್ಲೆಲ್ಲಿ ತಪ್ಪಿದೆ ಎಂದು ಸರಿಯುತ್ತರದ ಜೊತೆ ಹೋಲಿಸಿ.